ಹಳೇ ಗಾಳಿ ಬೋಟು ರಾತ್ರೋರಾತ್ರಿ ಮೆತ್ತಗಾಗುತ್ತಿದೆಯಾ? ಲೀಕ್ ಹುಡುಕಿ ತೇಪೆ ಹಾಕುವ ಕ್ರಮ

"ಸಂಜೆ ಟೈಟಾಗಿ ಊದಿಟ್ಟಿದ್ದೆ, ಬೆಳಗ್ಗೆ ನೋಡಿದ್ರೆ ಮೆತ್ತಗಾಗಿದೆ, ಎಲ್ಲೂ ತೂತು ಕಾಣ್ತಿಲ್ಲ, ಏನ್ ಮಾಡ್ಲಿ?" ಈ ಒಂದು ಪ್ರಶ್ನೆಗೆ ಬಿಡಿಬಿಡಿಯಾಗಿ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಬೇಸಿಗೆ ರಜೆ ಹತ್ತಿರ ಬಂದಾಗ, ಅಟ್ಟದ ಮೇಲಿನ ಬೋಟು ಕೆಳಗಿಳಿದಾಗ, ಇದೇ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ತೇಪೆ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಲೀಕ್ ಹುಡುಕುವುದು ಎರಡು ದಿನದ ಕೆಲಸ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಗಮ್ ತರುತ್ತಾರೆ, ಆಮೇಲೆ ಅನುಮಾನ ಬಂದಲ್ಲೆಲ್ಲ ಅಂಟಿಸುತ್ತಾರೆ. ಕೊನೆಗೆ ನೋಡಿದರೆ ವಾಲ್ವ್‌ನಲ್ಲಿ ಒಂದು ಮರಳಿನ ಕಾಳು ಕೂತಿರುತ್ತದೆ ಅಷ್ಟೇ.

ಮೊದಲು ಸಾಮಾನು ಜೋಡಿಸಿಕೊಳ್ಳಿ

ಹುಡುಕುವುದಕ್ಕೆ ಬೇಕಾಗಿರುವುದು ಮನೆಯಲ್ಲೇ ಇದೆ. ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಸ್ಪಂಜು, ಹಳೇ ಟೂತ್ ಬ್ರಷ್, ಸೀಮೆಸುಣ್ಣ, ಬಾಲ್ ಪೆನ್. ಕೈ ಪಂಪು ಅಥವಾ ಕಾಲು ಪಂಪು. ಕಡಿಮೆ ಒತ್ತಡ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಬೈಕ್ ಟೈರಿನ ಮೀಟರ್ ಬೇಡ, ಇಷ್ಟು ಕಡಿಮೆ ಒತ್ತಡದಲ್ಲಿ ಅದರ ಮುಳ್ಳು ನೆಟ್ಟಗೆ ಅಲ್ಲಾಡುವುದೂ ಇಲ್ಲ.

ತೇಪೆಗೆ ಬೇಕಾಗಿರುವುದು ಬೋಟಿನ ಬಟ್ಟೆಗೆ ಹೊಂದುವ ತೇಪೆ ತುಂಡು, ಎರಡು ಭಾಗದ ಗಮ್ (ಅಂದರೆ ಗಮ್ ಒಂದು ಡಬ್ಬಿ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಇನ್ನೊಂದು ಸಣ್ಣ ಸೀಸೆ), ಒರೆಸುವುದಕ್ಕೆ ಸಾಲ್ವೆಂಟ್ (ಜಿಡ್ಡು ತೆಗೆಯುವ ದ್ರವ), ಸ್ಯಾಂಡ್ ಪೇಪರ್, ಮಾಸ್ಕಿಂಗ್ ಟೇಪ್, ನೈಟ್ರೈಲ್ ಗ್ಲೌಸ್. ಸಣ್ಣಪುಟ್ಟವು ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಮುತ್ತಲ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಗಮ್ ಮತ್ತು ತೇಪೆ ಬಟ್ಟೆಯನ್ನು ಆನ್‌ಲೈನ್‌ನಲ್ಲಿ ತರಿಸುವುದೇ ಸುಲಭ. ಆದರೆ ಹಂತ 5 ಓದುವ ತನಕ ಆರ್ಡರ್ ಮಾಡಬೇಡಿ.

ಹಂತ 1: ಇದು ನಿಜವಾಗಿಯೂ ಲೀಕಾ?

ಬೋಟನ್ನು ತೊಳೆದು, ಟೆರೇಸ್ ಮೇಲೆ ಒಂದು ಟಾರ್ಪಾಲ್ ಹಾಸಿ, ಎಲ್ಲ ಕೋಣೆಗಳಿಗೂ ಸಮನಾಗಿ ಗಾಳಿ ತುಂಬಿ. ಕೋಣೆ ಅಂದರೆ ಬೋಟಿನ ಟ್ಯೂಬ್ ಒಳಗೆ ಅಡ್ಡಗೋಡೆ ಹಾಕಿ ಬೇರೆ ಬೇರೆ ಮಾಡಿರುವ ಭಾಗ. ಎಷ್ಟು ಒತ್ತಡ ಅಂತ ಬೋಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಇರುತ್ತದೆ. ದಪ್ಪ ಬಟ್ಟೆಯ ಬೋಟುಗಳಿಗೆ ಸಾಮಾನ್ಯವಾಗಿ 0.25 ಬಾರ್, ಅಂದರೆ 3.6 ಪಿಎಸ್‌ಐ ಆಸುಪಾಸು. ತೆಳು ಪ್ಲಾಸ್ಟಿಕ್ ಬೋಟುಗಳಿಗೆ ಇದಕ್ಕಿಂತ ತುಂಬಾ ಕಡಿಮೆ. ಪೆಟ್ರೋಲ್ ಬಂಕಿನ ಅಥವಾ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರಕ್ಕೂ ಹೋಗಬೇಡಿ. ಲಾರಿ ಟೈರಿಗೆ ಹೊಡೆಯುವ ಗಾಳಿ ಅದು, ಬಟ್ಟೆಯ ತುಂಡುಗಳು ಕೂಡಿರುವ ಜೋಡು ಬಿಟ್ಟುಕೊಂಡ ಮೇಲೆ ಈ ಲೇಖನವೂ ನಿಮ್ಮ ಸಹಾಯಕ್ಕೆ ಬರುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ. ಮಾರ್ಚ್ ತಿಂಗಳ ಬೆಂಗಳೂರನ್ನೇ ತಗೊಳ್ಳಿ. ಮಧ್ಯಾಹ್ನ 33 ಡಿಗ್ರಿ, ಬೆಳಗಿನ ಜಾವ 20. ಮಧ್ಯಾಹ್ನ 0.25 ಬಾರ್ ತುಂಬಿದ ಬೋಟು, ಒಂದು ಚೂರೂ ಗಾಳಿ ಕಳೆದುಕೊಳ್ಳದೆ, ಬೆಳಗ್ಗೆ 0.20 ತೋರಿಸುತ್ತದೆ. ಐದರಲ್ಲಿ ಒಂದು ಪಾಲು ಮಾಯ!

ಯಾಕೆ ಅಂದರೆ, ಮೀಟರ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಒತ್ತಡ ಇದೆ ಅಂತ ಮಾತ್ರ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 0.91 ಬಾರ್. ಅದಕ್ಕೆ ನಿಮ್ಮ 0.25 ಸೇರಿಸಿದರೆ ಒಳಗೆ ಒಟ್ಟು 1.16. ಗಾಳಿ 13 ಡಿಗ್ರಿ ತಣ್ಣಗಾದರೆ ಈ ಒಟ್ಟು ಮೊತ್ತ ಶೇಕಡ 4ರಷ್ಟು ಇಳಿದು 1.11 ಆಗುತ್ತದೆ. ಅದರಲ್ಲಿ ಹೊರಗಿನ 0.91 ಕಳೆಯಿರಿ, ಉಳಿಯುವುದು 0.20. ಮೀಟರ್ ಇಲ್ಲದವರಿಗೆ ಹೆಬ್ಬೆರಳಲ್ಲಿ ಒತ್ತಿದರೂ ವ್ಯತ್ಯಾಸ ಗೊತ್ತಾಗುತ್ತದೆ, "ಅಯ್ಯೋ ಲೀಕು" ಅನ್ನಿಸುತ್ತದೆ. ಬಿಸಿಲಿಗಿಟ್ಟ ಕಪ್ಪು ಟ್ಯೂಬ್ ಆದರೆ ಒಳಗಿನ ಗಾಳಿ 33 ಡಿಗ್ರಿಗಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ, ಸಂಜೆಗೆ ಇಳಿಯುವುದೂ ಜಾಸ್ತಿ.

ಆದ್ದರಿಂದ ಬೆಳಗ್ಗೆ ಆರೂವರೆಗೆ ಅಳೆದರೆ ಮರುದಿನವೂ ಬೆಳಗ್ಗೆ ಆರೂವರೆಗೇ ಅಳೆಯಿರಿ. ನೆರಳಲ್ಲಿ. ನಡುವೆ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ, ಬೆಳಗಿನ ತಂಪಲ್ಲಿ ಟೈಟಾಗಿ ಊದಿ ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಒತ್ತಡ ಏರಿ ಹಳೇ ಜೋಡು ಬಿಡಬಹುದು. ಇನ್ನೊಂದು ವಿಷಯ, ಹಳೇ ಬಟ್ಟೆ ಮೊದಲ ಕೆಲವು ಗಂಟೆ ಸ್ವಲ್ಪ ಹಿಗ್ಗುತ್ತದೆ. ಅದಕ್ಕೆ ಸಂಜೆ ತುಂಬಿ, ಬೆಳಗ್ಗೆ ಒಂದು ಸಲ ಸರಿಮಾಡಿ, ಆಮೇಲೆ 24 ಗಂಟೆ ಲೆಕ್ಕ ಹಿಡಿಯಿರಿ. ಅದೇ ಹೊತ್ತಿಗೆ ಅಷ್ಟೇ ಒತ್ತಡ ಇದ್ದರೆ ಲೀಕ್ ಇಲ್ಲ, ಬೋಟು ಮಡಚಿಡಿ. ಇಳಿದಿದ್ದರೆ ಮುಂದಕ್ಕೆ ಹೋಗೋಣ. ಯಾವ ಕೋಣೆ ಜಾಸ್ತಿ ಇಳಿದಿದೆ ಅಂತ ಬರೆದಿಟ್ಟುಕೊಳ್ಳಿ.

ಹಂತ 2: ವಾಲ್ವ್

ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ಗಾಳಿ ತುಂಬಿದ ಮೇಲೆ ಕೊನೆಗೆ ವಾಲ್ವ್ ಬಾಯಿಗೆ ಬೆರಳಲ್ಲಿ ಎಂಜಲು ಸವರಿ ನೋಡುವುದನ್ನು ಕಂಡಿದ್ದೀರಿ ಅಲ್ವಾ? ಅದೇ ಪರೀಕ್ಷೆ, ನಾವು ಸೋಪು ನೀರಲ್ಲಿ ಮಾಡುತ್ತೇವೆ. ಮುಚ್ಚಳ ತೆಗೆದು ವಾಲ್ವಿನ ಗುಂಡಿಯಲ್ಲಿ ಸೋಪು ನೀರು ನಿಲ್ಲುವ ಹಾಗೆ ಒಂದೆರಡು ಚಮಚ ಸುರಿಯಿರಿ. ಕಣ್ಣು ಹತ್ತಿರ ತಂದು ಒಂದು ನಿಮಿಷ ಸುಮ್ನೆ ನೋಡುತ್ತಿರಿ. ಒಂದರ ಹಿಂದೆ ಒಂದರಂತೆ ಗುಳ್ಳೆ ಮೇಲೆ ಬರುತ್ತಿದ್ದರೆ ನಿಮ್ಮ ಕಳ್ಳ ಸಿಕ್ಕಿದ.

ಬಾಸ್ಟನ್ ವಾಲ್ವ್ ಅಂತ ಒಂದಿದೆ, ಅಗ್ಗದ ಬೋಟುಗಳಲ್ಲಿ ಸಾಮಾನ್ಯ. ದೊಡ್ಡ ಸ್ಕ್ರೂ ಮುಚ್ಚಳ, ಅದರ ಕೆಳಗೆ ಅಣಬೆ ಆಕಾರದ ಒಂದು ರಬ್ಬರ್ ನಾಲಿಗೆ. ನಾಲಿಗೆ ಕೆಳಗೆ ಮರಳು ಅಥವಾ ಕೂದಲು ಕೂತರೆ ಗಾಳಿ ಸೋರುತ್ತದೆ. ನೀರಲ್ಲಿ ತೊಳೆದು ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ನಾಲಿಗೆ ಸೆಟೆದುಕೊಂಡಿದ್ದರೆ ಅದನ್ನು ಬದಲಿಸಬೇಕು. ಇನ್ನೊಂದು ಸ್ಪ್ರಿಂಗ್ ಇರುವ ವಾಲ್ವ್. ನಡುವಿನ ಕಡ್ಡಿಯನ್ನು ಒತ್ತಿ ತಿರುಗಿಸಿದರೆ ತೆರೆದೇ ಇರುತ್ತದೆ, ಇನ್ನೊಂದು ಸಲ ತಿರುಗಿಸಿದರೆ ಮೇಲೆ ಎದ್ದು ಮುಚ್ಚುತ್ತದೆ. ಇದರ ಒಳಭಾಗ, ಹೊರಭಾಗ ಎರಡೂ ಬಟ್ಟೆಯನ್ನು ನಡುವೆ ಹಿಡಿದು ಸ್ಕ್ರೂ ಆಗಿರುತ್ತವೆ, ವರ್ಷಗಳಾದ ಮೇಲೆ ಸಡಿಲವಾಗುತ್ತವೆ. ವಾಲ್ವಿನ ಸುತ್ತ ಉಂಗುರದ ಹಾಗೆ ಗುಳ್ಳೆ ಬಂದರೆ ಇದೇ ಕಾರಣ. ಇದಕ್ಕೆ ಪ್ಲಾಸ್ಟಿಕ್ ವಾಲ್ವ್ ಕೀ ಅಂತ ಸಿಗುತ್ತದೆ, ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಪ್ಲೈಯರ್ ಹಾಕಿದರೆ ವಾಲ್ವಿನ ಹಲ್ಲು ಮುರಿಯುತ್ತದೆ.

ವಾಲ್ವಿಗೆ ಕೊಬ್ಬರಿ ಎಣ್ಣೆ, ಗ್ರೀಸ್ ಹಚ್ಚಬೇಡಿ. ಎಣ್ಣೆಗೆ ಧೂಳು ಅಂಟುತ್ತದೆ, ರಬ್ಬರೂ ಊದಿಕೊಳ್ಳುತ್ತದೆ. ಮುಚ್ಚಳದ ವಾಷರ್ ಹಾಳಾಗಿದೆಯಾ ನೋಡಿ.

ಹಂತ 3: ಒಳಗೋಡೆ

ಒಂದು ಕೋಣೆಗೆ ಮಾತ್ರ ಅರ್ಧ ಗಾಳಿ ತುಂಬಿ, ಪಕ್ಕದ ಕೋಣೆ ಖಾಲಿ ಬಿಡಿ. ಅರ್ಧಕ್ಕಿಂತ ಜಾಸ್ತಿ ಬೇಡ, ಒಳಗೋಡೆ ಎರಡೂ ಕಡೆ ಸಮ ಒತ್ತಡ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿದ್ದು. ಪಕ್ಕದ್ದರ ವಾಲ್ವ್ ಮುಚ್ಚಿದ್ದರೂ ಅದು ತಾನಾಗಿ ಉಬ್ಬತೊಡಗಿದರೆ ಒಳಗೋಡೆ ಸೋರುತ್ತಿದೆ ಅಂತ ಅರ್ಥ. ಇದನ್ನು ಹೊರಗಿನಿಂದ ತೇಪೆ ಹಾಕಿ ಸರಿಮಾಡಲು ಆಗುವುದಿಲ್ಲ. ವಾಲ್ವ್ ಮೂಲಕ ಒಳಗೆ ಸುರಿದು ಬೋಟನ್ನು ಹೊರಳಿಸಿ ಬಳಿಯುವ ದ್ರವ ಸೀಲೆಂಟ್ ಇದೆ, ಪ್ರಯತ್ನಿಸಬಹುದು. ಅಲ್ಲಿಯವರೆಗೆ ಆ ಎರಡು ಕೋಣೆಗಳನ್ನು ಒಂದೇ ಕೋಣೆ ಅಂತ ಲೆಕ್ಕ ಹಾಕಿ: ಒಂದು ಕಡೆ ಹರಿದರೆ ಎರಡೂ ಹೋಗುತ್ತವೆ. ಆಳದ ನೀರಿಗೆ ಅದನ್ನು ಒಯ್ಯಬೇಡಿ.

ಹಂತ 4: ಸೋಪು ನೀರಿನ ಹುಡುಕಾಟ

ಬೋಟನ್ನು ಮುಳುಗಿಸುವ ಅಗತ್ಯ ಇಲ್ಲ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಊರಲ್ಲಿ ಆ ಯೋಚನೆಯೂ ಬೇಡ. ಎರಡು ಚೊಂಬು ನೀರು ಸಾಕು. ಹತ್ತು ಲೋಟ ನೀರಿಗೆ ಒಂದು ಲೋಟ ಪಾತ್ರೆ ಲಿಕ್ವಿಡ್. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲಿಸರಿನ್ ಒಂದೆರಡು ಚಮಚ ಸೇರಿಸಿದರೆ ಗುಳ್ಳೆ ಬೇಗ ಒಡೆಯುವುದಿಲ್ಲ.

ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲ್ ಬಳಸಲು ಮನಸ್ಸಾಗುತ್ತದೆ, ಆದರೆ ಸ್ಪ್ರೇ ತಾನೇ ನೊರೆ ಮಾಡುತ್ತದೆ, ಆ ನೊರೆಯೊಳಗೆ ಸಣ್ಣ ಲೀಕ್ ಅಡಗಿಕೊಳ್ಳುತ್ತದೆ. ಸ್ಪಂಜಿನಲ್ಲಿ ಮೆಲ್ಲಗೆ, ನೊರೆ ಎಬ್ಬಿಸದೆ ಸವರಿ. ಸೀಮೆಸುಣ್ಣದಲ್ಲಿ ಒಂದೊಂದು ಅಡಿಗೆ ಗೆರೆ ಎಳೆದುಕೊಂಡು, ಒಂದು ಪಟ್ಟಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಬೆಳಗ್ಗೆ ಏಳರೊಳಗೆ ಅಥವಾ ಸಂಜೆ ಐದರ ಮೇಲೆ, ಓರೆ ಬೆಳಕು ಬೀಳುವಾಗ ಗುಳ್ಳೆ ಮಿನುಗಿ ಕಾಣುತ್ತದೆ. ಮಧ್ಯಾಹ್ನ ಸವರಿದ ನೀರು ನೋಡುವಷ್ಟರಲ್ಲಿ ಆರಿಹೋಗುತ್ತದೆ.

ದೊಡ್ಡ ಗುಳ್ಳೆ ಉಬ್ಬಿ ಒಡೆದರೆ ಅದು ದೊಡ್ಡ ತೂತು, ಕುರುಡನಿಗೂ ಸಿಗುತ್ತದೆ. ನಾವು ಹುಡುಕುತ್ತಿರುವುದು ಬೇರೆ. ಸವರಿ ಬಿಟ್ಟ ಮೇಲೆ ಮೊದಲ ಅರ್ಧ ನಿಮಿಷ ಏನೂ ಇರುವುದಿಲ್ಲ. ಆಮೇಲೆ ಒಂದು ಬಿಳಿ ಚುಕ್ಕೆ. ಇನ್ನೊಂದು ನಿಮಿಷಕ್ಕೆ ಅದು ಕಡಲೆಬೇಳೆಯಷ್ಟಾಗುತ್ತದೆ, ಕಾಫಿ ಲೋಟದ ಅಂಚಿಗೆ ಅಂಟಿದ ನೊರೆಯ ಹಾಗೆ ಪುಟ್ಟ ಪುಟ್ಟ ಗುಳ್ಳೆ ಒತ್ತೊತ್ತಾಗಿ ಕೂತಿರುತ್ತವೆ. ಒರೆಸಿ, ಮತ್ತೆ ಸವರಿ. ಅದೇ ಜಾಗದಲ್ಲಿ ಮತ್ತೆ ಬಂದರೆ ಮಾತ್ರ ಲೀಕ್, ಇಲ್ಲದಿದ್ದರೆ ಸ್ಪಂಜಿನಿಂದ ಉಳಿದ ನೊರೆ.

ಎಲ್ಲರೂ ಬಿಡುವ ಜಾಗಗಳು: ಹುಟ್ಟು ಸಿಕ್ಕಿಸುವ ಬುಡ, ಹಗ್ಗದ ಬಳೆಗಳ ಕೆಳಗೆ, ಹಿಂದಿನ ಹಲಗೆ ಟ್ಯೂಬಿಗೆ ಸೇರುವ ಮೂಲೆ, ನೆಲ ಮತ್ತು ಟ್ಯೂಬಿನ ನಡುವಿನ ಸಂದು, ಪಕ್ಕದ ರಬ್ಬರ್ ಪಟ್ಟಿಯ ಅಂಚು, ಹಳೇ ಮಡಿಕೆ ಗೆರೆಗಳು. ಮಡಿಕೆಯ ಮೇಲೆ ಮಡಿಕೆ ಬಿದ್ದು ಮೂಲೆಯಾದ ಜಾಗವನ್ನು ಎರಡು ಸಲ ನೋಡಿ. ಆಮೇಲೆ ಬೋಟನ್ನು ಮಗುಚಿ ಹೊಟ್ಟೆಯ ಕಡೆ.

ಒಂದು ಮೋಸ ಇದೆ, ಗೊತ್ತಿರಲಿ. ಬೋಟಿನ ಬಟ್ಟೆ ನಡುವೆ ನೂಲು, ಮೇಲೆ ಕೆಳಗೆ ಲೇಪನ. ಒಳಗಿನ ಲೇಪನದಲ್ಲಿ ಬಿರುಕು ಬಿಟ್ಟರೆ ಗಾಳಿ ನೂಲಿನ ಗುಂಟ ಹರಿದು ಎಲ್ಲೋ ದೂರದಲ್ಲಿ, ಜೋಡಿನ ಪಟ್ಟಿಯ ಅಂಚಿನಲ್ಲಿ ಹೊರಬರುತ್ತದೆ. ಜೋಡಿನ ಉದ್ದಕ್ಕೂ ಸಾಲಾಗಿ ಗುಳ್ಳೆ ಬಂದರೆ, ಆ ಅಂಚಿಗೆ ಗಮ್ ಮೆತ್ತಿದ ಕೂಡಲೇ ಇನ್ನೊಂದು ಕಡೆ ಶುರುವಾದರೆ, ಇದೇ ಕಥೆ. ಇದಕ್ಕೂ ಒಳಗೆ ಸುರಿಯುವ ಸೀಲೆಂಟೇ ಗತಿ.

ಸಿಕ್ಕಿದ ಜಾಗಕ್ಕೆ ಬಾಲ್ ಪೆನ್ನಿನಲ್ಲಿ ಗುರುತು ಮಾಡಿ. ತೂತಿನ ಸುತ್ತ ವೃತ್ತ ಹಾಕಿದರೆ ಸಾಲ್ವೆಂಟ್‌ನಲ್ಲಿ ಒರೆಸುವಾಗ ಅಳಿಸಿಹೋಗುತ್ತದೆ, ಹಾಗಾಗಿ ತೂತಿನಿಂದ ಒಂದು ಗೇಣು ದೂರದಲ್ಲಿ ನಾಲ್ಕು ಕಡೆಯಿಂದ ಬಾಣದ ಗೆರೆ ಎಳೆಯಿರಿ. ಗಾಳಿ ಇಳಿಸಿದ ಮೇಲೆ ಸೂಜಿಮೊನೆ ತೂತು ಕಣ್ಣಿಗೆ ಕಾಣುವುದೇ ಇಲ್ಲ, ಆ ಗೆರೆಗಳು ಮಾತ್ರ ದಾರಿ ತೋರಿಸುತ್ತವೆ. ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ. ಹಳೇ ಬೋಟಿನಲ್ಲಿ ಒಂದೇ ತೂತು ಇರುವುದು ಅಪರೂಪ.

ಹಂತ 5: ಬಟ್ಟೆ ಯಾವುದು?

ಎರಡು ಜಾತಿ. ಪಿವಿಸಿ ಮತ್ತು ಹೈಪಲಾನ್. ಎರಡನೆಯದು ಒಂದು ಬಗೆಯ ಸಿಂಥೆಟಿಕ್ ರಬ್ಬರ್ ಲೇಪನ, ಡುಪಾಂಟ್ ಕಂಪನಿ 2010ರಲ್ಲೇ ತಯಾರಿಕೆ ನಿಲ್ಲಿಸಿದೆ, ಆದರೂ ಎಲ್ಲರ ಬಾಯಲ್ಲಿ ಹೆಸರು ಉಳಿದಿದೆ. ಕಾಣದ ಮೂಲೆಯಲ್ಲಿ ಸ್ಯಾಂಡ್ ಪೇಪರ್ ನಾಲ್ಕು ಸಲ ಉಜ್ಜಿ. ಸೀಮೆಸುಣ್ಣದ ಹಾಗೆ ಪುಡಿ ಉದುರಿದರೆ ಹೈಪಲಾನ್. ಪುಡಿ ಬಾರದೆ ನುಣ್ಣಗೆ ಗೀರು ಬಿದ್ದರೆ ಪಿವಿಸಿ. ಇನ್ನೂ ಅನುಮಾನ ಇದ್ದರೆ ಎಂಇಕೆ ಎಂಬ ಸಾಲ್ವೆಂಟ್ ಒಂದು ಹನಿ ಸವರಿ, ಮೇಲ್ಮೈ ಅಂಟಂಟಾದರೆ ಪಿವಿಸಿ.

ಪಿವಿಸಿಗೆ ಪಾಲಿಯುರೆಥೇನ್ ಗಮ್. ಹೈಪಲಾನ್‌ಗೆ ನಿಯೊಪ್ರೀನ್ ಗಮ್. ಅದಲು ಬದಲಾದರೆ ಹಿಡಿಯುವುದಿಲ್ಲ. ತೇಪೆ ಬಟ್ಟೆಯೂ ಅದೇ ಜಾತಿಯದಾಗಿರಬೇಕು.

ಬೇಡದ್ದರ ಪಟ್ಟಿ ಇದಕ್ಕಿಂತ ಮುಖ್ಯ. ಸೈಕಲ್ ಟ್ಯೂಬಿನ ಸಲ್ಯೂಷನ್ ಪಿವಿಸಿಯನ್ನು ಹಿಡಿಯುವುದಿಲ್ಲ, ನಾನೇ ಹಾಕಿ ನೋಡಿದ್ದೇನೆ, ಮೂರನೇ ದಿನ ಹಪ್ಪಳದ ಹಾಗೆ ಎದ್ದು ಬಂತು. ಫೆವಿಕ್ವಿಕ್ ಗಾಜಿನ ಹಾಗೆ ಗಟ್ಟಿಯಾಗಿ ಬಟ್ಟೆ ಬಾಗಿದಾಗ ಒಡೆಯುತ್ತದೆ. ಎಂ-ಸೀಲ್ ಕಥೆಯೂ ಅದೇ. ಪ್ಲಂಬರ್ ಬಳಸುವ ಪಿವಿಸಿ ಪೈಪಿನ ಗಮ್ "ಇದೂ ಪಿವಿಸಿ ಅಲ್ವಾ" ಅಂತ ಹಚ್ಚುವವರಿದ್ದಾರೆ. ಅದು ಗಟ್ಟಿ ಪೈಪಿಗೆ ಮಾಡಿದ್ದು, ಬಾಗುವ ಬಟ್ಟೆಯನ್ನು ಬಿರುಸಾಗಿಸುತ್ತದೆ. ಚಪ್ಪಲಿ ಗಮ್ಮೂ ಬೇಡ. ಪಿವಿಸಿ ಬಟ್ಟೆ ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ, ಅದು ನಿಧಾನಕ್ಕೆ ಆ ಗಮ್ಮಿಗೆ ಇಳಿದು ಕೆಸರು ಮಾಡುತ್ತದೆ.

ಹರಿಗೋಲಿಗೆ ಡಾಂಬರು ಬಳಿದರೆ ನಡೆಯುತ್ತದಲ್ಲ ಅಂತ ಒಬ್ಬರು ಕೇಳಿದ್ದರು. ಹರಿಗೋಲಿನಲ್ಲಿ ನೀರು ಹೊರಗಿನಿಂದ ಒಳಕ್ಕೆ ಒತ್ತುತ್ತದೆ, ಹೊರಗೆ ಬಳಿದ ಡಾಂಬರನ್ನು ಬಟ್ಟೆಗೇ ಅದುಮುತ್ತದೆ. ಇಲ್ಲಿ ಗಾಳಿ ಒಳಗಿನಿಂದ ಹೊರಕ್ಕೆ ತೇಪೆಯನ್ನು ತಳ್ಳುತ್ತದೆ. ತಡೆಯುವುದು ಗಮ್ ಒಂದೇ.

ಹಂತ 6: ತೇಪೆ

ದಿನ ಆರಿಸಿ. ಜನವರಿಯಿಂದ ಮಾರ್ಚ್ ತನಕ, ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ನಡುವೆ, ನೆರಳಲ್ಲಿ. ನಮ್ಮ ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಗಮ್ ಆರುವಾಗ ಸಾಲ್ವೆಂಟ್ ಹಾರಿ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ತಣ್ಣನೆ ಲೋಟದ ಹೊರಗೆ ನೀರು ಕೂರುವ ಹಾಗೆ ಗಮ್ಮಿನ ಮೇಲೆ ತೇವದ ಪದರ ಕೂರುತ್ತದೆ. ಗಮ್ ಮಸುಕಾಗಿ ಬೆಳ್ಳಗೆ ಕಂಡರೆ ಒರೆಸಿ, ಇನ್ನೊಂದು ದಿನ ಮಾಡಿ.

ಸಾಲ್ವೆಂಟ್‌ಗಳಿಗೆ ಬೆಂಕಿ ಥಟ್ಟನೆ ಹಿಡಿಯುತ್ತದೆ, ಹತ್ತಿರ ಸಿಗರೇಟು, ಸೊಳ್ಳೆ ಬತ್ತಿ, ದೀಪ ಏನೂ ಇರಬಾರದು. ಟೆರೇಸ್ ಸರಿಯಾದ ಜಾಗ, ರೂಮಿನೊಳಗೆ ಮಾಡಬೇಡಿ. ಹಾರ್ಡನರಿನ ಹಬೆ ಉಸಿರಿಗೆ ಒಳ್ಳೆಯದಲ್ಲ, ಆಸ್ತಮಾ ಇರುವವರು ಬೇರೆಯವರ ಕೈಲಿ ಮಾಡಿಸಿ.

1. ಗಾಳಿ ಪೂರ್ತಿ ಇಳಿಸಿ, ಆ ಭಾಗದ ಕೆಳಗೆ ಒಂದು ಹಲಗೆ ಇಟ್ಟು ಸುಕ್ಕಿಲ್ಲದೆ ಹರಡಿ.

2. ತೂತಿನ ಅಂಚಿನಿಂದ ಎಲ್ಲ ಕಡೆಗೂ 5 ಸೆಂಟಿಮೀಟರ್ ಬರುವ ಹಾಗೆ ತೇಪೆ ಕತ್ತರಿಸಿ. 1 ಸೆಂಟಿಮೀಟರ್ ಹರಿದಿದ್ದರೆ 11 ಸೆಂಟಿಮೀಟರ್ ಗುಂಡನೆ ತೇಪೆ. ಚೌಕ ಬೇಡ, ಮೂಲೆಯಿಂದಲೇ ಏಳಲು ಶುರುವಾಗುವುದು.

3. ತೇಪೆ ಇಟ್ಟು ಸುತ್ತ ಪೆನ್ನಲ್ಲಿ ಗೆರೆ ಎಳೆದು, ಗೆರೆಯ ಹೊರಗೆ ಮಾಸ್ಕಿಂಗ್ ಟೇಪ್ ಅಂಟಿಸಿ.

4. ಹೈಪಲಾನ್ ಆದರೆ ತೇಪೆ, ಬೋಟು ಎರಡನ್ನೂ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವ ತನಕ ಉಜ್ಜಿ, ನೂಲು ಕಾಣುವಷ್ಟಲ್ಲ. ಆಮೇಲೆ ಟಾಲುವೀನ್‌ನಲ್ಲಿ ಒರೆಸಿ. ಪಿವಿಸಿ ಆದರೆ ಎಂಇಕೆ ಅಥವಾ ಅಸಿಟೋನ್‌ನಲ್ಲಿ ಒರೆಸಿದರೆ ಸಾಕು. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ ಬೆರೆಸಿರುತ್ತಾರೆ, ಪೆಟ್ರೋಲಿನಲ್ಲೂ ಜಿಡ್ಡು ಉಳಿಯುತ್ತದೆ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಐದು ನಿಮಿಷ ಆರಲಿ.

5. ಗಮ್ ಮತ್ತು ಹಾರ್ಡನರ್ ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಕಲಸಿ. ಶೇಕಡ 5 ಅಂದಿದ್ದರೆ 20 ಗ್ರಾಂ ಗಮ್ಮಿಗೆ 1 ಗ್ರಾಂ ಹಾರ್ಡನರ್. ಅಂದಾಜಿನಲ್ಲಿ ಸುರಿಯಬೇಡಿ, ಸೂಜಿ ಇಲ್ಲದ ಸಿರಿಂಜ್ ಬಳಸಿ.

6. ತೇಪೆಗೂ ಬೋಟಿಗೂ ತೆಳ್ಳಗೆ ಒಂದು ಕೋಟ್. ಸುಮಾರು ಅರ್ಧ ಗಂಟೆ ಆರಲಿ. ಎರಡನೇ ಕೋಟ್. ಹೈಪಲಾನ್‌ಗೆ ಮೂರನೆಯದೂ ಬೇಕು. ದಪ್ಪಗೆ ಮೆತ್ತಿದರೆ ಗಟ್ಟಿಯಾಗುತ್ತದೆ ಅಂದುಕೊಳ್ಳಬೇಡಿ, ಒಳಗೆ ಸಾಲ್ವೆಂಟ್ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ.

7. ಕೊನೆಯ ಕೋಟ್ ಆದ ಮೇಲೆ ಐದರಿಂದ ಹತ್ತು ನಿಮಿಷ ಕಾಯಿರಿ. ಬೆರಳ ಗೆಣ್ಣು ತಾಗಿಸಿದರೆ ಅಂಟಿದ ಹಾಗೆ ಅನ್ನಿಸಬೇಕು, ಗಮ್ ಬೆರಳಿಗೆ ಬರಬಾರದು. ಹೆಚ್ಚಿನವರು ಇಲ್ಲೇ ಅವಸರ ಮಾಡುತ್ತಾರೆ.

8. ತೇಪೆಯನ್ನು ದೋಣಿಯ ಹಾಗೆ ಬಾಗಿಸಿ ಹಿಡಿದು ನಡುಭಾಗ ಮೊದಲು ತಾಗಿಸಿ, ಆಮೇಲೆ ಅಂಚುಗಳನ್ನು ಬಿಡಿ. ಒಂದು ಸಲ ಕೂತರೆ ಮುಗಿಯಿತು, ಎತ್ತಿ ಸರಿಮಾಡಲು ಆಗುವುದಿಲ್ಲ. ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಜೋರಾಗಿ ಒತ್ತಿ ಉಜ್ಜಿ. ಆಮೇಲೆ ಲಟ್ಟಣಿಗೆ ಉರುಳಿಸಿ, ಹಳೆಯದು ಸಾಕು, ಅಡುಗೆಮನೆಯದನ್ನು ಮುಟ್ಟಬೇಡಿ. ಮೇಲೆ ಪಾಲಿಥಿನ್ ಹಾಕಿ ಐದು ಕೆಜಿ ಅಕ್ಕಿ ಚೀಲ ಇಟ್ಟು ರಾತ್ರಿ ಬಿಡಿ.

ಬರೀ ಸೂಜಿಮೊನೆಯಷ್ಟು ತೂತಿಗೆ ಬಾಗುವ ಸೀಲೆಂಟ್ ಒಂದು ಬೊಟ್ಟು ಹಚ್ಚಿದರೂ ನಡೆಯುತ್ತದೆ. ಬೆರಳುದ್ದಕ್ಕಿಂತ ಜಾಸ್ತಿ ಹರಿದಿದ್ದರೆ, ಅಥವಾ ಹರಿದಿದ್ದು ಜೋಡಿನ ಮೇಲೇ ಆಗಿದ್ದರೆ, ಒಳಗಿನಿಂದಲೂ ತೇಪೆ ಬೇಕು. ಅದನ್ನು ರಾಫ್ಟ್ ರಿಪೇರಿ ಗೊತ್ತಿರುವವರಿಗೆ ಕೊಡಿ.

ಹಂತ 7: ಮತ್ತೆ ಪರೀಕ್ಷೆ

24 ಗಂಟೆ ಮುಟ್ಟಬೇಡಿ. ಆಮೇಲೆ ಅರ್ಧ ಒತ್ತಡ ತುಂಬಿ ತೇಪೆಯ ಅಂಚಿಗೆ ಸೋಪು ನೀರು ಸವರಿ ನೋಡಿ. ಗಮ್ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಪೂರ್ತಿ ಒತ್ತಡ, ಅದೇ ಆರೂವರೆ ಗಂಟೆಯ ಪರೀಕ್ಷೆ, ಎಲ್ಲ ಆಮೇಲೆ. ಮೊದಲ ಸಲ ನೀರಿಗಿಳಿಸುವಾಗ ದಡದ ಹತ್ತಿರವೇ ಇರಿ, ಲೈಫ್ ಜಾಕೆಟ್ ಹಾಕಿಕೊಂಡು. ತಣ್ಣನೆ ನೀರಿಗೆ ಬಿಟ್ಟ ಕೂಡಲೇ ಸ್ವಲ್ಪ ಮೆತ್ತಗಾದರೆ ಗಾಬರಿ ಬೇಡ, ಹಂತ 1ರ ಲೆಕ್ಕ ನೆನಪಿದೆಯಲ್ಲ.

ಕೆಲವು ಬೋಟು ಉಳಿಯುವುದಿಲ್ಲ. ಎಲ್ಲಿ ಸವರಿದರೂ ಸಣ್ಣಗೆ ನೊರೆ ಬರುತ್ತಿದ್ದರೆ ಲೇಪನವೇ ಸವೆದಿದೆ. ಪಿವಿಸಿ ಮುಟ್ಟಿದರೆ ಬೆಲ್ಲದ ಹಾಗೆ ಅಂಟುತ್ತಿದ್ದರೆ ಅದರ ಮೇಲೆ ಯಾವ ಗಮ್ಮೂ ನಿಲ್ಲುವುದಿಲ್ಲ. ಅಂಥದ್ದನ್ನು ಟಾರ್ಪಾಲ್ ಮಾಡಿಕೊಳ್ಳಿ.

ಉಳಿದವರು ಎತ್ತಿಡುವ ಮುಂಚೆ ಬೋಟನ್ನು ಪೂರ್ತಿ ಆರಿಸಿ, ಪೌಡರ್ ಎರಚಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಸಡಿಲವಾಗಿ ಸುತ್ತಿ. ಪಾರ್ಕಿಂಗ್‌ನಲ್ಲಿ, ಮೆಟ್ಟಿಲ ಕೆಳಗೆ ಇಡಬೇಡಿ. ಇಲಿಗೆ ಸುತ್ತಿಟ್ಟ ಬೋಟಿಗಿಂತ ಬೆಚ್ಚನೆ ಗೂಡು ಬೇರೆ ಸಿಗುವುದಿಲ್ಲ, ಅದು ಒಂದು ಕಡೆ ಕಡಿದರೆ ಸುತ್ತಿದ ಎಂಟು ಪದರಕ್ಕೂ ತೂತು ಬೀಳುತ್ತದೆ. ತೇಪೆ ಹಾಕಿದ ತಾರೀಕು, ಬಳಸಿದ ಗಮ್ಮಿನ ಹೆಸರು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಪಂಪಿನ ಚೀಲಕ್ಕೆ ಹಾಕಿಡಿ.